ಕೆರೆ ಏರಿ, ಬಾಂದಾರ, ಡ್ಯಾಮ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ನೌಕರಿಯ ಬಹುಪಾಲು ಹಾವೇರಿ ಜಿಲ್ಲೆಯ ಕೆರೆ ಏರಿಗಳ ಮೇಲೆ ಕಳೆಯಿತು. ಕೊನೆಯ ಕೆಲವು ವರ್ಷ ಗದಗ ಜಿಲ್ಲೆಯ ಕಾಲುವೆಗಳ ಮೇಲೆ. ಈಗ ಹುಬ್ಬಳ್ಳಿಯಲ್ಲಿದ್ದೇನೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ ಗೇಟ್ ಕೊಚ್ಚಿಹೋದ ಮೇಲೆ ಊರಿನವರು, ಬೀಗರು, ಓಣಿಯ ಹುಡುಗರು ಎಲ್ಲರೂ ಒಂದೇ ನಮೂನೆಯ ಪ್ರಶ್ನೆ ಕೇಳತೊಡಗಿದರು. ಎಲ್ಲರಿಗೂ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ದೊಡ್ಡ ಡ್ಯಾಮಿಗಿಂತ ಊರ ಕೆರೆಯ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಡ್ಯಾಮಿಗೆ ಎಂಜಿನಿಯರು, ಮೀಟರು, ಕಾವಲು ಎಲ್ಲ ಇರುತ್ತದೆ. ಊರ ಕೆರೆಗೆ ಇರುವುದು ದಿನಾ ಏರಿ ಮೇಲೆ ಹಾದುಹೋಗುವವರ ಕಣ್ಣು.

ತುಂಗಭದ್ರಾದಲ್ಲಿ ನಿಜಕ್ಕೂ ಏನಾಯಿತು? ಡ್ಯಾಮೇ ಒಡೆದಿತ್ತಾ?

ಇಲ್ಲ. ಕಟ್ಟೆಗೆ ಏನೂ ಆಗಿರಲಿಲ್ಲ. ಅಲ್ಲಿ 33 ಗೇಟ್‌ಗಳಿವೆ. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಯಿತು, ಗೇಟ್ ಕೊಚ್ಚಿಹೋಯಿತು. ಆಗ ಡ್ಯಾಮ್ ತುಂಬಿತ್ತು, ಸುಮಾರು 105 ಟಿಎಂಸಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ ನೀರು. ಲೀಟರಿನಲ್ಲಿ ಹೇಳಿದರೆ 2,800 ಕೋಟಿಗೂ ಜಾಸ್ತಿ.

ಆ ಗೇಟ್ ಸುಮಾರು 60 ಅಡಿ ಅಗಲ, 20 ಅಡಿ ಎತ್ತರ. ಅದರ ತಲೆಯವರೆಗೆ ನೀರು ನಿಂತರೆ ಬೀಳುವ ಒತ್ತಡ ಹೆಚ್ಚೂಕಡಿಮೆ 340 ಟನ್. ಈ ಒತ್ತಡವನ್ನು ಪಕ್ಕದ ಕಂಬಗಳು ಹೊರುತ್ತವೆ. ಗೇಟಿನ ಭಾರವನ್ನು ಮಾತ್ರ ಚೈನ್ ಹೊರುತ್ತದೆ. ಅಷ್ಟು ದೊಡ್ಡ ಡ್ಯಾಮಿನ ಸುರಕ್ಷತೆ ಕೊನೆಗೆ ಒಂದು ಕೊಂಡಿಯ ಮೇಲೆ ನಿಂತಿತ್ತು ಅಂತಾಯಿತಲ್ವಾ? ಹೊರಗಿನಿಂದ ನೋಡಿದರೆ ಡ್ಯಾಮ್ ಚೆಂದವೇ ಕಾಣುತ್ತದೆ. ಸವೆಯುವುದು ಗ್ರೀಸಿನ ಒಳಗಿರುವ ಕಬ್ಬಿಣ.

ಗೇಟ್ ರಿಪೇರಿ ಮಾಡುವಾಗ ಅದರ ಮುಂದೆ ಇಳಿಸಲು ಉಕ್ಕಿನ ಅಡ್ಡಹಲಗೆಗಳಿರುತ್ತವೆ. ಇವಕ್ಕೆ ಸ್ಟಾಪ್‌ಲಾಗ್ ಅಂತಾರೆ. ಅಲ್ಲಿ ಅವು ಸಿದ್ಧ ಇರಲಿಲ್ಲ. ಹೊಸದಾಗಿ ಮಾಡಿಸಿ, ರಭಸದ ನೀರಿನಲ್ಲೇ ತುಂಡು ತುಂಡಾಗಿ ಇಳಿಸಬೇಕಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಮತ್ತು ಜೊತೆಗಿದ್ದ ಕೆಲಸಗಾರರು ಒಂದು ವಾರದಲ್ಲಿ ಅದನ್ನು ಮಾಡಿ ಮುಗಿಸಿದರು. ಆ ಕೆಲಸಗಾರರಿಗೆ ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ. ಆದರೆ ಆ ಹೊತ್ತಿಗೆ ರೈತರ ಪಾಲಿನ ಹತ್ತಾರು ಟಿಎಂಸಿ ನೀರು ಹೊಳೆಗೆ ಹೋಗಿತ್ತು.

ಡ್ಯಾಮ್, ಬ್ಯಾರೇಜ್, ಬಾಂದಾರ, ಕೆರೆ: ಎಲ್ಲ ಒಂದೇ ಅಲ್ವಾ?

ನೀರು ತಡೆಯುವುದರಲ್ಲಿ ಒಂದೇ, ಕೆಡುವ ರೀತಿ ಬೇರೆ ಬೇರೆ. ನವಿಲುತೀರ್ಥದಲ್ಲಿ ಮಲಪ್ರಭಾ ಹೊಳೆಗೆ ಕಟ್ಟಿರುವುದು ಡ್ಯಾಮ್. ಅದು ಮುಗಿದದ್ದು 1972ರಲ್ಲಿ. ಅದರಲ್ಲಿ 37.73 ಟಿಎಂಸಿ ಹಿಡಿಯುತ್ತದೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಬರುವುದು ಅದೇ ನೀರು. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಅಡ್ಡ ಇರುವುದು ಬ್ಯಾರೇಜ್. ಅಲ್ಲಿ ಗೇಟ್‌ಗಳದ್ದೇ ಸಾಲು. ವರದಾ, ಕುಮುದ್ವತಿಯಂಥ ಹೊಳೆಗಳಿಗೆ ಅಡ್ಡಲಾಗಿ ಕಂಬ ಕಟ್ಟಿ, ನಡುವೆ ಹಲಗೆ ಇಳಿಸಿದರೆ ಬಾಂದಾರ. ಮಣ್ಣಿನ ಏರಿ, ಕಾಲುವೆಗೆ ನೀರು ಬಿಡಲು ಒಂದು ತೂಬು, ತುಂಬಿ ಹೆಚ್ಚಾದ ನೀರು ಹೊರಹೋಗಲು ಒಂದು ಕೋಡಿ ಇದ್ದರೆ ಕೆರೆ.

ಡ್ಯಾಮಿನಲ್ಲಿ ಗೇಟಿಗೆ, ಬಾಂದಾರದಲ್ಲಿ ದಂಡೆಗೆ, ಕೆರೆಯಲ್ಲಿ ಏರಿಗೆ ಮೊದಲು ಕಣ್ಣು ಹಾಯಿಸಬೇಕು.

ಹೊಳೆಗಳಿಗೆ ‘ಲಾಕ್’ ಅಂತ ಇರುತ್ತದಂತೆ. ನಮ್ಮಲ್ಲಿ ಇದೆಯಾ?

ನಮ್ಮ ಜಿಲ್ಲೆಗಳ ಹೊಳೆಗಳಲ್ಲಿ ಇಲ್ಲ. ದೋಣಿ, ಹಡಗು ಓಡಾಡುವ ಕಡೆ ಅದು ಬೇಕು. ಎರಡು ಗೇಟ್‌ಗಳ ನಡುವೆ ಒಂದು ಕೋಣೆಯಂಥ ಜಾಗ ಇರುತ್ತದೆ. ದೋಣಿ ಒಳಗೆ ಬಂದ ಮೇಲೆ ನೀರು ತುಂಬಿ ಮೇಲೆತ್ತುತ್ತಾರೆ, ಇಲ್ಲವೇ ಖಾಲಿ ಮಾಡಿ ಇಳಿಸುತ್ತಾರೆ. ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ಅಂಥದ್ದಿದೆ. ಅದನ್ನು ಕಾಯುವ ಕೆಲಸವೂ ಇದೇ ಜಾತಿಯದು: ಗೇಟ್, ರಬ್ಬರ್ ಸೀಲ್, ತುಕ್ಕು, ತಳದ ಹೂಳು.

ನಮ್ಮೂರ ಕೆರೆ ಏರಿ ಕೆಳಗೆ ನೀರು ಜಿನುಗುತ್ತಿದೆ. ಹೆದರಬೇಕಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮೊದಲು ಒಂದು ಮಾತು. ಜಿನುಗದ ಮಣ್ಣಿನ ಏರಿ ಇಲ್ಲ. ಸ್ವಲ್ಪ ನೀರು ಬಂದೇ ಬರುತ್ತದೆ. ನೋಡಬೇಕಾದದ್ದು ಆ ನೀರಿನ ಬಣ್ಣ, ಜಾಗ, ಪ್ರಮಾಣ.

ಒಂದು ಗಾಜಿನ ಬಾಟಲಿ ತೆಗೆದುಕೊಳ್ಳಿ. ಜಿನುಗುವ ನೀರು ಹಿಡಿಯಿರಿ. ಅರ್ಧ ತಾಸು ಅಲುಗಾಡಿಸದೆ ಇಡಿ. ತಿಳಿಯಾಗಿಯೇ ಇದ್ದು, ತಳದಲ್ಲಿ ಏನೂ ಕೂರದಿದ್ದರೆ ಸದ್ಯಕ್ಕೆ ಸಮಾಧಾನ. ತಳದಲ್ಲಿ ಮಣ್ಣು ಕೂತರೆ ಏರಿ ಒಳಗಿನಿಂದ ಕರಗುತ್ತಿದೆ ಅಂತ ಅರ್ಥ. ನೀರು ಬರುವಾಗ ಒಂದೊಂದೇ ಕಣ ಮಣ್ಣು ಹೊತ್ತು ತರುತ್ತದೆ. ಹೊರಗಿನ ಬಾಯಿಯಿಂದ ಶುರುವಾಗಿ ಕೆರೆಯ ಕಡೆಗೆ ಒಂದು ಸಣ್ಣ ಕೊಳವೆ ಕೊರೆಯುತ್ತಾ ಹೋಗುತ್ತದೆ. ಆ ಕೊಳವೆ ಕೆರೆಯ ನೀರನ್ನು ಮುಟ್ಟಿದ ಮೇಲೆ ಕೆಲವು ತಾಸೂ ಸಿಗಲಿಕ್ಕಿಲ್ಲ.

ಹಾವೇರಿ ಜಿಲ್ಲೆಯ ಒಂದು ಊರಲ್ಲಿ ಇದನ್ನು ಕಂಡವನು ಕುರಿ ಕಾಯುವ ಹುಡುಗ. “ದಿನಾ ಕುರಿ ನೀರು ಕುಡಿಯೂ ಜಾಗಾರೀ, ಇವತ್ತ ರಾಡಿ ಬಂದೈತಿ” ಅಂತ ಬಂದು ಹೇಳಿದ. ಅಷ್ಟೇ ಅವನು ಹೇಳಿದ್ದು. ಹೋಗಿ ನೋಡಿದರೆ ತೂಬಿನ ಪಕ್ಕ ಬೆರಳು ಗಾತ್ರದ ಊಟೆ, ಸುತ್ತ ಇರುವೆ ಗೂಡಿನ ಹಾಗೆ ಮರಳಿನ ಗುಪ್ಪೆ. ಆ ರಾತ್ರಿ ಇಡೀ ಊರು ಎದ್ದು ಕೆಲಸ ಮಾಡಿತು. ಏರಿ ಉಳಿಯಿತು. ಆ ಹುಡುಗ ನಿನ್ನೆಯ ನೀರಿಗೂ ಇವತ್ತಿನ ನೀರಿಗೂ ಇದ್ದ ವ್ಯತ್ಯಾಸ ಗಮನಿಸಿದ್ದ. ತಿಂಗಳಿಗೊಮ್ಮೆ ಹೋಗುತ್ತಿದ್ದ ನನಗೆ ಅದು ಕಾಣುವ ಸಾಧ್ಯತೆಯೇ ಇರಲಿಲ್ಲ.

ಹಾಗೆ ರಾಡಿ ನೀರು ಬಂದರೆ ಎರೆ ಮಣ್ಣು ಮೆತ್ತಿ ಮುಚ್ಚಿಬಿಡಬೇಕಾ?

ಬೇಡ. ದಯವಿಟ್ಟು ಬೇಡ. ಎಲ್ಲ ಊರಲ್ಲೂ ಮೊದಲು ಮಾಡುವ ತಪ್ಪು ಇದೇ. ಹೊರಗಿನ ಬಾಯಿ ಮುಚ್ಚಿದರೆ ನೀರು ಒಳಗೇ ಒತ್ತಡ ಕಟ್ಟಿಕೊಂಡು ಪಕ್ಕದಲ್ಲಿ ಇನ್ನೊಂದು ಬಾಯಿ ಮಾಡುತ್ತದೆ. ನೀರು ಬರಲಿ, ಮಣ್ಣು ಮಾತ್ರ ಬರಬಾರದು. ಅದಕ್ಕೆ ಊಟೆಯ ಮೇಲೆ ಮೊದಲು ದಪ್ಪ ಮರಳು ಹಾಕಬೇಕು. ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ. ಮರಳು ಮಣ್ಣನ್ನು ಹಿಡಿಯುತ್ತದೆ, ಜಲ್ಲಿ ಮರಳನ್ನು ಹಿಡಿಯುತ್ತದೆ, ನೀರು ತಿಳಿಯಾಗಿ ಹೊರಗೆ ಬರುತ್ತದೆ. ಊಟೆ ನೆಲದಿಂದ ಮೇಲಕ್ಕೆ ಚಿಮ್ಮುತ್ತಿದ್ದರೆ ಸುತ್ತ ಮರಳಿನ ಚೀಲಗಳನ್ನು ಬಾವಿಯ ಕಟ್ಟೆಯ ಹಾಗೆ ಪೇರಿಸಿ. ಒಳಗೆ ನೀರು ನಿಂತಷ್ಟೂ ಚಿಮ್ಮುವ ಜೋರು ಇಳಿಯುತ್ತದೆ.

ಇದು ಎಂಜಿನಿಯರು ಬರುವವರೆಗಿನ ಉಪಾಯ ಮಾತ್ರ. ಇದನ್ನು ಮಾಡುವಾಗಲೇ ಒಬ್ಬರು ಫೋನ್ ಮಾಡುತ್ತಿರಬೇಕು, ಇನ್ನೊಬ್ಬರು ಕೆಳಗಿನ ಮನೆಗಳವರನ್ನು ಎಬ್ಬಿಸುತ್ತಿರಬೇಕು. ತೂಬು ತೆಗೆದು ನೀರು ಇಳಿಸುವುದು ಸರಿ, ಆದರೆ ನಿಧಾನಕ್ಕೆ ಇಳಿಸಬೇಕು. ನೀರು ಒಮ್ಮೆಲೇ ಇಳಿದರೆ ನೆನೆದ ಏರಿಯ ಒಳಮೈ ಆಧಾರ ಇಲ್ಲದೆ ಕೆರೆಯೊಳಕ್ಕೆ ಜಾರುತ್ತದೆ.

ಏರಿಯಲ್ಲಿ ಎಲ್ಲಿ ಹೆಚ್ಚು ನಿಗಾ ಇಡಬೇಕು?

ತೂಬಿನ ಹತ್ತಿರ. ಏರಿಯ ಹೊಟ್ಟೆಯೊಳಗೆ ಕಲ್ಲಿನದೋ ಸಿಮೆಂಟಿನದೋ ಕೊಳವೆ ಹಾದುಹೋಗುವ ಜಾಗ ಅದು. ಮಣ್ಣು ಮತ್ತು ಕಲ್ಲು ಎಂದೂ ಪೂರ್ತಿ ಅಂಟಿಕೊಳ್ಳುವುದಿಲ್ಲ. ಕೊಳವೆಯ ಹೊರಮೈಗುಂಟ ನೀರು ದಾರಿ ಹುಡುಕುತ್ತದೆ. ತೂಬಿನ ನೇರಕ್ಕೆ ಏರಿ ಮೇಲೆ ತಗ್ಗು ಬಿದ್ದಿದ್ದರೆ, ಕೆರೆಯ ಒಳಗೆ ಸುಳಿ ಕಂಡರೆ, ತೂಬು ಮುಚ್ಚಿದ್ದರೂ ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ನಾಳೆಯವರೆಗೆ ಕಾಯಬೇಡಿ.

ಬೇಸಿಗೆಯಲ್ಲಿ ಏರಿ ಬಿರುಕು ಬಿಡುತ್ತದೆ. ಎರೆ ಮಣ್ಣಿಗೆ ಅದು ಸಹಜ ಅಂತಾರಲ್ಲ?

ಸಹಜ ಹೌದು. ಹಾಗಂತ ಸುಮ್ನೆ ಬಿಡಬಾರದು. ಗದಗ, ನರಗುಂದ, ನವಲಗುಂದದ ಎರೆ ಹೊಲದಲ್ಲಿ ಏಪ್ರಿಲ್‌ನಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದಲ್ಲ, ಅದೇ ಮಣ್ಣು ಏರಿಯಲ್ಲೂ ಹಾಗೇ ಮಾಡುತ್ತದೆ. ಅದಕ್ಕೇ ಏರಿ ಕಟ್ಟುವಾಗ ಎರೆ ಮಣ್ಣನ್ನು ನಡುವೆ ಹಾಕಿ, ಎರಡೂ ಬದಿಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ಹೊದಿಸುತ್ತಾರೆ. ಎರೆ ನೀರು ತಡೆಯುತ್ತದೆ, ಗರಸು ಎರೆಯನ್ನು ಬಿಸಿಲಿನಿಂದ ಕಾಯುತ್ತದೆ. ವರ್ಷಗಳಲ್ಲಿ ಗರಸು ಮಳೆಗೆ ಕೊಚ್ಚಿಹೋಗಿ ಎರೆ ಹೊರಗೆ ಬಂದಿದ್ದರೆ ಬಿರುಕು ಜಾಸ್ತಿ. ಆಗ ದುರಸ್ತಿ ಅಂದರೆ ಮತ್ತೆ ಗರಸು ಹೊದಿಸುವುದು.

ಬಿರುಕು ಯಾವ ದಿಕ್ಕಿಗಿದೆ ನೋಡಿ. ಏರಿಯ ಉದ್ದಕ್ಕೆ ಇದ್ದರೆ ಒಂದು ಬದಿ ಕುಸಿಯುತ್ತಿರಬಹುದು. ಬಿರುಕಿನ ಆಚೆ ಈಚೆ ಎತ್ತರದಲ್ಲಿ ವ್ಯತ್ಯಾಸ ಇದ್ದರೆ ಜಾರಿಕೆ ಶುರುವಾಗಿದೆ. ಏರಿಗೆ ಅಡ್ಡವಾಗಿ, ಕೆರೆ ಕಡೆಯಿಂದ ಹೊಲದ ಕಡೆಗೆ ಇದ್ದರೆ ಅದು ಇನ್ನೂ ಕೆಟ್ಟದ್ದು, ಏಕೆಂದರೆ ನೀರಿಗೆ ತಯಾರಾದ ದಾರಿ ಅದು. ಮೇಲೆ ಒಂದು ಬುಟ್ಟಿ ಮಣ್ಣು ಸುರಿದರೆ ಬಿರುಕು ಕಣ್ಣಿಗೆ ಮುಚ್ಚುತ್ತದೆ, ಒಳಗೆ ಹಾಗೇ ಇರುತ್ತದೆ. ಬಿರುಕಿನ ಕೊನೆ ಸಿಗುವವರೆಗೆ ಅಗೆದು, ಹದವಾಗಿ ತೇವ ಇರುವ ಮಣ್ಣನ್ನು ಪದರ ಪದರವಾಗಿ ಹಾಕಿ ದಮ್ಮಸ್ಸು ಮಾಡಬೇಕು. ಇದು ನೀರು ಇಳಿದಿರುವ ಮಾರ್ಚ್-ಏಪ್ರಿಲ್‌ನಲ್ಲಿ ಆಗಬೇಕಾದ ಕೆಲಸ. ಜೂನ್ ಬಂದ ಮೇಲೆ ಬಿಲ್ ಆಗುತ್ತದೆ, ಕೆಲಸ ಆಗುವುದಿಲ್ಲ.

ಏರಿ ಮೇಲಿನ ಗಿಡ ಕಡಿಯಬೇಕಂತೆ. ನೆರಳು, ಹಕ್ಕಿ ಎಲ್ಲ ಇರುತ್ತದಲ್ಲ?

ನನಗೂ ಮರ ಕಡಿಯುವುದು ಇಷ್ಟ ಇಲ್ಲ. ಆದರೆ ಏರಿ ಮರದ ಜಾಗ ಅಲ್ಲ. ಬೇರು ನೀರಿನ ಕಡೆಗೆ ಹೋಗುತ್ತದೆ. ಮರ ಸತ್ತರೆ ಬೇರು ಕೊಳೆತು ಅಷ್ಟುದ್ದದ ಕೊಳವೆ ಉಳಿಯುತ್ತದೆ. ಗಾಳಿಗೆ ಬಿದ್ದರೆ ಬೇರಿನ ಜೊತೆ ಏರಿಯ ಒಂದು ತುಂಡೇ ಎದ್ದು ಬರುತ್ತದೆ. ಬಳ್ಳಾರಿ ಜಾಲಿಯಂತೂ ಏರಿಯನ್ನೇ ಮುಚ್ಚಿಬಿಡುತ್ತದೆ, ಒಳಗೆ ಹೆಗ್ಗಣ ಬಿಲ ತೋಡಿದರೂ ಕಾಣುವುದಿಲ್ಲ. ಸಸಿ ಇದ್ದಾಗಲೇ ಕಿತ್ತುಹಾಕಿ. ದೊಡ್ಡ ಮರ ಇದ್ದರೆ ನೀವಾಗಿಯೇ ಕಡಿಯಬೇಡಿ. ಎಂಜಿನಿಯರನ್ನು ಕೇಳಿ, ನೀರು ಕಡಿಮೆ ಇರುವಾಗ ಬೇರು ಸಮೇತ ತೆಗೆದು ಆ ಗುಂಡಿಯನ್ನು ದಮ್ಮಸ್ಸು ಮಾಡಿ ಮುಚ್ಚಿಸಬೇಕು. ಏರಿಗೆ ಬೇಕಾದದ್ದು ಗಿಡ್ಡ ಹುಲ್ಲು. ಕರಿಕೆ ಬೆಳೆದರೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ.

ಮರ ಏರಿಯಿಂದ ದೂರ, ಕೆರೆಯ ಅಂಗಳದ ಮೇಲಂಚಿನಲ್ಲಿ ನೆಡಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಏರಿ ಗಟ್ಟಿ ಇದ್ದು ಕೆರೆಯಲ್ಲಿ ನೀರು ನಿಂತರೆ ತಾನೇ ಅವೂ ಬರುವುದು?

ಕೋಡಿಗೆ ಮರಳಿನ ಚೀಲ ಇಟ್ಟು ಒಂದಡಿ ನೀರು ಜಾಸ್ತಿ ನಿಲ್ಲಿಸಿದರೆ ಏನಾಗುತ್ತದೆ?

ಏರಿ ಒಡೆಯಬಹುದು. ಬರಗಾಲ ಕಂಡ ರೈತನಿಗೆ ಕೋಡಿ ಬಿದ್ದು ಹೋಗುವ ನೀರು ನೋಡಿದರೆ ಹೊಟ್ಟೆ ಉರಿಯುತ್ತದೆ, ನನಗೆ ಅದು ಗೊತ್ತು. ಆದರೂ ಈ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಕೋಡಿಯ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಬಿಟ್ಟಿರುವ ಎತ್ತರ ಖಾಲಿ ಜಾಗ ಅಲ್ಲ. ದೊಡ್ಡ ಮಳೆ ಬಂದಾಗ ಕೋಡಿಯ ಮೇಲೆ ನೀರು ಏರಲು, ಗಾಳಿಗೆ ಅಲೆ ಬಡಿಯಲು ಬಿಟ್ಟ ಜಾಗ ಅದು. ಅದನ್ನು ನೀವು ಮೊದಲೇ ತುಂಬಿಸಿಬಿಟ್ಟರೆ ಮಳೆಗೆ ಏನು ಉಳಿಯಿತು? ಮಣ್ಣಿನ ಏರಿಯ ತಲೆ ಮೇಲೆ ನೀರು ಹರಿದರೆ ಹೊರಮೈ ಕೊಚ್ಚಿಕೊಂಡು ಹೋಗುತ್ತದೆ. ಕಲ್ಲಿನ ಡ್ಯಾಮ್ ಆದರೆ ಒಂದಿಷ್ಟು ತಡೆದೀತು, ಮಣ್ಣಿನ ಏರಿ ತಡೆಯುವುದಿಲ್ಲ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯಲ್ಲಿ ಮಚ್ಛು ಡ್ಯಾಮಿನ ಮಣ್ಣಿನ ಏರಿ ಮೇಲೆ ನೀರು ಹಾಯ್ದು ಒಡೆಯಿತು, ಸಾವಿರಾರು ಜನ ಹೋದರು.

ಮೀನು ಓಡಿಹೋಗದಂತೆ ಕೋಡಿಗೆ ಬಲೆ ಕಟ್ಟುವುದೂ ಹಾಗೇ. ಬಲೆಗೆ ಕಸ, ಅಂತರಗಂಗೆ ಸಿಕ್ಕಿ ಗೋಡೆಯಾಗುತ್ತದೆ. ಮಳೆಯ ಮುನ್ಸೂಚನೆ ಇದ್ದ ದಿನ ಬಲೆ ಬಿಚ್ಚಲೇಬೇಕು. ಹುಬ್ಬಳ್ಳಿಯ ಉಣಕಲ್ ಕೆರೆಯಂಥ ಊರೊಳಗಿನ ಕೆರೆಗಳಲ್ಲಿ ಇನ್ನೊಂದು ತಾಪತ್ರಯ. ಕೋಡಿ ಚೆನ್ನಾಗಿದ್ದರೂ ಮುಂದಿನ ನಾಲಾ ಅಷ್ಟೇ ಅಗಲ ಉಳಿದಿರಬೇಕು. ನಾಲಾದ ಮೇಲೆ ಮನೆ, ಅಂಗಡಿ ಬಂದರೆ ಕೆರೆಯ ನೀರು ಓಣಿಗೆ ಬರುತ್ತದೆ.

ಜೆಸಿಬಿ ಹಚ್ಚಿ ಹೂಳು ತೆಗೆಸುತ್ತಿದ್ದೇವೆ. ಏನು ನೋಡಿಕೊಳ್ಳಬೇಕು?

ಏರಿಯ ಬುಡ ಬಿಟ್ಟು ದೂರದಲ್ಲಿ ಅಗೆಸಿ. ಎಷ್ಟು ದೂರ ಅಂತ ಎಂಜಿನಿಯರು ಗೂಟ ಹೊಡೆದು ತೋರಿಸಬೇಕು. ಏರಿಯ ಒಳಬದಿಯ ಹೂಳು ಹಾಸಿಗೆಯ ಹಾಗೆ ನೀರನ್ನು ತಡೆದಿರುತ್ತದೆ. ಅದನ್ನು ಕೆತ್ತಿ ತೆಗೆದರೆ ಕೆಳಗಿನ ಗರಸು, ಮರಳಿನ ಪದರ ಬಾಯಿ ತೆರೆಯುತ್ತದೆ. ಹೊಸದಾಗಿ ಹೂಳೆತ್ತಿದ ಕೆರೆಯಲ್ಲಿ ಮೊದಲ ಮಳೆಗಾಲವೇ ಜಿನುಗು ಶುರುವಾಗಿದ್ದನ್ನು ನಾನು ಕಂಡಿದ್ದೇನೆ. ಹೊರಬದಿಯ ಬುಡದಿಂದ ಮಣ್ಣು ಒಯ್ಯುವುದಂತೂ ಗೋಡೆಯ ತಳಪಾಯ ಅಗೆದ ಹಾಗೆ.

ಬಾಂದಾರದ ಹಲಗೆ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು?

ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ ಹಾಕುತ್ತಾರೆ. ಮುಂಗಾರು ಬರುವ ಮೊದಲು ಎಲ್ಲ ತೆಗೆದಿರಬೇಕು. ಹಲಗೆ ಇರುವಾಗಲೇ ಹೊಳೆ ಬಂದರೆ ನೀರು ನಡುವೆ ಹೋಗಲಾಗದೆ ದಂಡೆ ಕೊರೆಯುತ್ತದೆ. ಬಾಂದಾರ ನಿಂತ ಜಾಗದಲ್ಲೇ ಇರುತ್ತದೆ, ಹೊಳೆ ಮಾತ್ರ ಪಕ್ಕದ ಹೊಲದಲ್ಲಿ ಹರಿಯುತ್ತದೆ. ತೆಗೆದ ಹಲಗೆಗಳನ್ನು ಎಣಿಸಿ, ನಂಬರ್ ಬರೆದು, ಬೀಗ ಇರುವ ಕಡೆ ಇಡಿ. ಕಬ್ಬಿಣದ ಹಲಗೆ ಗುಜರಿಗೆ ಹೋದರೆ ಮುಂದಿನ ಬೇಸಿಗೆಗೆ ನೀರಿಲ್ಲ. ರಬ್ಬರ್ ಸೀಲ್ ಗಟ್ಟಿಯಾಗಿ ಬಿರಿದಿದ್ದರೆ ಆಗಲೇ ಬದಲಿಸಿ.

ಸರ್ಕಾರದವರು ಎಷ್ಟು ಸಲ ತಪಾಸಣೆ ಮಾಡಬೇಕು? ಕಾಯ್ದೆ ಇದೆಯಾ?

ಇದೆ. ಡ್ಯಾಮ್ ಸುರಕ್ಷತಾ ಕಾಯ್ದೆ 2021. ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಕಡ್ಡಾಯ. ಪ್ರವಾಹ, ಭೂಕಂಪ ಆದರೆ ಮತ್ತೆ ನೋಡಬೇಕು. ಅಪಾಯ ಬಂದರೆ ಯಾರು ಏನು ಮಾಡಬೇಕು, ಯಾವ ಊರು ಖಾಲಿ ಮಾಡಿಸಬೇಕು ಅನ್ನುವ ತುರ್ತು ಯೋಜನೆಯೂ ಇರಬೇಕು. ಆದರೆ ಈ ಕಾಯ್ದೆ 15 ಮೀಟರಿಗಿಂತ ಎತ್ತರದ ಡ್ಯಾಮಿಗೆ, ಮತ್ತು ಕೆಲವು ಷರತ್ತು ಇರುವ 10ರಿಂದ 15 ಮೀಟರಿನವುಗಳಿಗೆ. ನಮ್ಮ ಊರ ಕೆರೆಗಳ ಏರಿ ಬಹುತೇಕ ಅದಕ್ಕಿಂತ ಗಿಡ್ಡ. 20 ಅಡಿಯ ಏರಿ ಒಡೆದರೂ ಕೆಳಗಿನ ಕೇರಿ ಮುಳುಗುತ್ತದೆ. ಊರ ಕೆರೆಗೂ ವರ್ಷಕ್ಕೆ ಎರಡು ಸಲ, ಬರಹದಲ್ಲಿ, ತಪಾಸಣೆ ಆಗಲೇಬೇಕು ಅನ್ನುವುದು ನನ್ನ ಬಹುದಿನದ ಹಂಬಲ.

ದೊಡ್ಡ ಡ್ಯಾಮ್ ತಪಾಸಣೆಯಲ್ಲಿ ಏನೇನು ನೋಡುತ್ತಾರೆ?

ಕಲ್ಲಿನ ದೊಡ್ಡ ಡ್ಯಾಮಿನ ಹೊಟ್ಟೆಯೊಳಗೆ ಸಾಮಾನ್ಯವಾಗಿ ನಡೆದು ಹೋಗುವ ಸುರಂಗ ಇರುತ್ತದೆ. ಗ್ಯಾಲರಿ ಅಂತಾರೆ. ಅಲ್ಲಿ ತಳದಿಂದ ಬರುವ ನೀರನ್ನು ಅಳೆಯುತ್ತಾರೆ. ಇಂಗ್ಲಿಷಿನ ‘ವಿ’ ಆಕಾರದ ಕಚ್ಚು ಇರುವ ತಗಡಿನ ಮೇಲೆ ನೀರು ಹಾಯಿಸಿ, ಎಷ್ಟು ಎತ್ತರ ಹರಿಯಿತು ಅಂತ ನೋಡಿದರೆ ಪ್ರಮಾಣ ಗೊತ್ತಾಗುತ್ತದೆ. ಡ್ಯಾಮ್ ಮಟ್ಟ ಅಷ್ಟೇ ಇದ್ದು ಜಿನುಗು ಜಾಸ್ತಿಯಾದರೆ ಕಾರಣ ಹುಡುಕಬೇಕು. ತಳದ ನೀರು ಹೊರಗೆ ಹೋಗುವ ರಂಧ್ರಗಳು ಸುಣ್ಣ ಕಟ್ಟಿ ಮುಚ್ಚಿದ್ದರೆ ಕೊರೆದು ಬಿಡಿಸುತ್ತಾರೆ, ಇಲ್ಲದಿದ್ದರೆ ಆ ನೀರು ಡ್ಯಾಮನ್ನು ಕೆಳಗಿನಿಂದ ಎತ್ತುತ್ತದೆ. ಪ್ರತಿ ಗೇಟನ್ನೂ ಎತ್ತಿ ಇಳಿಸಿ ನೋಡಬೇಕು. ಕರೆಂಟ್ ಹೋದಾಗ ಜನರೇಟರ್ ಮೇಲೆ ಎತ್ತಿ ನೋಡಬೇಕು. ಅದೂ ಇಲ್ಲದಾಗ ಕೈಯಿಂದ ತಿರುಗಿಸಿ ನೋಡಬೇಕು. ಮಹಾಪೂರ ಬರುವ ರಾತ್ರಿಯೇ ಕರೆಂಟ್ ಹೋಗುತ್ತದೆ ಅಂತ ಇಟ್ಟುಕೊಂಡೇ ಕೆಲಸ ಮಾಡಬೇಕು.

ಡ್ಯಾಮ್ ಗಟ್ಟಿ ಇದ್ದರೂ ನಮ್ಮೂರು ಮುಳುಗಿತಲ್ಲ?

2019ರ ಆಗಸ್ಟ್‌ನಲ್ಲಿ ಕೊಣ್ಣೂರು, ಲಖಮಾಪುರ, ಹೊಳೆಆಲೂರಿನ ಕಡೆ ಆದದ್ದು ಇದೇ. ನವಿಲುತೀರ್ಥ ಡ್ಯಾಮ್ ಒಡೆಯಲಿಲ್ಲ. ಮೇಲೆ ಸುರಿದ ಮಳೆಯನ್ನು ಅದು ಹಿಡಿದಿಡಲಾಗದೆ ಬಿಡಬೇಕಾಯಿತು. ಆ ಕಡೆಯವರಿಗೆ ಇನ್ನೊಂದು ಚಿಂತೆ ಬೆಣ್ಣೆಹಳ್ಳ. ಅದು ಶಿಗ್ಗಾವಿ ಕಡೆ ಹುಟ್ಟಿ, ನವಲಗುಂದ ಹಾಯ್ದು, ರೋಣ ತಾಲ್ಲೂಕಿನಲ್ಲಿ ಮಲಪ್ರಭೆಗೆ ಸೇರುತ್ತದೆ. ಡ್ಯಾಮಿನಿಂದ ನೀರು ಬಿಟ್ಟಿಲ್ಲ ಅಂತ ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ, ಹುಬ್ಬಳ್ಳಿಯಲ್ಲಿ ಜೋರು ಮಳೆ ಅಂತ ಕೇಳಿದರೂ ಎಚ್ಚರ ಇರಬೇಕು. ಡಂಗುರ, ಪಂಚಾಯಿತಿ ಮೈಕು, ಸೈರನ್ ಯಾವುದು ಕೇಳಿದರೂ ಮೊದಲು ಪಂಪ್‌ಸೆಟ್ ಬಿಚ್ಚಲು ಹೊಳೆಗೆ ಇಳಿಯುತ್ತಾರೆ. ಇಳಿಯಬೇಡಿ. ಪಂಪ್‌ಸೆಟ್ ಮತ್ತೆ ಕೊಳ್ಳಬಹುದು.

ಯಾರಿಗೆ ಹೇಳಬೇಕು? ಹೇಳಿದರೆ ಕೇಳುತ್ತಾರಾ?

40 ಹೆಕ್ಟೇರ್‌ವರೆಗೆ ನೀರುಣಿಸುವ ಕೆರೆ ಜಿಲ್ಲಾ ಪಂಚಾಯಿತಿಯದು. ಅದಕ್ಕಿಂತ ದೊಡ್ಡದು, 2,000 ಹೆಕ್ಟೇರ್‌ವರೆಗೆ, ಸಣ್ಣ ನೀರಾವರಿ ಇಲಾಖೆಯದು. ಮಲಪ್ರಭಾ, ತುಂಗಾ ಮೇಲ್ದಂಡೆ, ಸಿಂಗಟಾಲೂರಿನಂಥ ಯೋಜನೆಗಳು ಕರ್ನಾಟಕ ನೀರಾವರಿ ನಿಗಮದವು. ತಿಳಿಯದಿದ್ದರೆ ಪಿಡಿಓ ಮತ್ತು ತಹಶೀಲ್ದಾರರಿಗೆ ಹೇಳಿ. ಅಪಾಯ ಎದುರಿಗೇ ಇದ್ದರೆ ಜಿಲ್ಲಾ ವಿಪತ್ತು ಸಹಾಯವಾಣಿ 1077, ಇಲ್ಲವೇ 112.

“ಕೆರೆ ಸೋರುತ್ತಿದೆ” ಅಂತ ಬರೆದರೆ ಅರ್ಜಿ ಅಲ್ಲೇ ಕೂರುತ್ತದೆ. ನಾನೇ ಬರೆದ ಒಂದು ಕೋಡಿ ದುರಸ್ತಿಯ ಟಿಪ್ಪಣಿ ಎರಡು ಮಳೆಗಾಲ ಫೈಲಿನೊಳಗೆ ಇತ್ತು. ಮೂರನೇ ಸಲ ಅಳತೆ, ತಾರೀಖು, ಫೋಟೋ ಸೇರಿಸಿ ಬರೆದೆ, ಆಗ ಕೆಲಸ ಆಯಿತು. ನೀವೂ ಹಾಗೇ ಬರೆಯಿರಿ. ತೂಬಿನಿಂದ ಎಷ್ಟು ಹೆಜ್ಜೆ ದೂರ, ಏರಿಯ ತಲೆಯಿಂದ ಎಷ್ಟು ಕೆಳಗೆ, ನೀರು ತಿಳಿಯೋ ರಾಡಿಯೋ, ಒಂದು ಕೊಡ ತುಂಬಲು ಎಷ್ಟು ನಿಮಿಷ, ಆ ದಿನ ಕೆರೆಯಲ್ಲಿ ನೀರು ಎಷ್ಟಿತ್ತು. ಅರ್ಜಿಗೆ ಸ್ವೀಕೃತಿ ಪಡೆಯಿರಿ. ಎಂಟು ದಿನ ಬಿಟ್ಟು ಅದೇ ಜಾಗದ ಫೋಟೋ ಮತ್ತೆ ತೆಗೆಯಿರಿ.

ನಾವೇ ಏರಿ ನೋಡಿ ಬರಬೇಕು ಅಂದರೆ ಹೇಗೆ ಹೋಗಬೇಕು?

ಬೆಳಿಗ್ಗೆ ಹೋಗಿ. ಓರೆ ಬಿಸಿಲಿನಲ್ಲಿ ತಗ್ಗು, ಉಬ್ಬು, ತೇವ ಚೆನ್ನಾಗಿ ಕಾಣುತ್ತದೆ. ಇಬ್ಬರಾದರೂ ಇರಲಿ, ಕೈಯಲ್ಲಿ ಕೋಲಿರಲಿ. ಮೂರು ಸಲ ನಡೆಯಬೇಕು. ಒಮ್ಮೆ ಏರಿಯ ತಲೆ ಮೇಲೆ, ಒಮ್ಮೆ ನೀರಿನ ಅಂಚಿಗೆ, ಒಮ್ಮೆ ಹೊರಬದಿಯ ಬುಡದಲ್ಲಿ. ಹೆಚ್ಚಿನವರು ತಲೆ ಮೇಲೆ ನಡೆದು ಬಂದುಬಿಡುತ್ತಾರೆ. ಬುಡದಲ್ಲಿ ಜಾಲಿ ಮುಳ್ಳು, ಕೆಸರು ಇರುತ್ತದೆ, ಸಂಕಟ ನಿಜ. ಆದರೆ ಕಾಣಬೇಕಾದದ್ದು ಅಲ್ಲೇ ಕಾಣುತ್ತದೆ. ಸುತ್ತ ಎಲ್ಲ ಒಣಗಿರುವಾಗ ಒಂದು ಕಡೆ ಮಾತ್ರ ಹುಲ್ಲು ಹಚ್ಚಗಿದ್ದರೆ ನಿಲ್ಲಿ, ಅಲ್ಲಿ ಕೋಲು ಊರಿ ನೋಡಿ. ಕಾಲು ಹುಗಿಯುವ ಜಾಗಕ್ಕೆ ಒಂದು ಗೂಟ ಹೊಡೆದು ಬನ್ನಿ. ಮುಂದಿನ ವಾರ ಹೋದಾಗ ತೇವ ಗೂಟ ದಾಟಿದೆಯಾ ನೋಡಬೇಕು.